ಥರ್ಮೋಕೋಲ್ ವಿಭೂತಿ

ತೂಕವಿರುವ ವಸ್ತುಗಳಿಗೆ ನಾನು ಹೆದರುವವನಲ್ಲ. ಬೀರು, ರುಬ್ಬುವ ಕಲ್ಲು, ತುಂಬಿದ ಗ್ಯಾಸ್ ಸಿಲಿಂಡರ್, ಇವುಗಳ ಸ್ವಭಾವ ನೇರವಾದದ್ದು. ಇಟ್ಟಲ್ಲಿ ಇರುತ್ತವೆ, ಎತ್ತಿದರೆ ಸೊಂಟ ಹಿಡಿಯುತ್ತದೆ, ಬಿಟ್ಟರೆ ಕಾಲ ಮೇಲೆ ಬೀಳುತ್ತವೆ. ಅವುಗಳ ಜೊತೆ ಬಾಳ್ವೆ ಮಾಡಬಹುದು. ನಾನು ಹೆದರುವುದು ತೂಕವೇ ಇಲ್ಲದ ಪದಾರ್ಥಗಳಿಗೆ. ಬೂರುಗದ ಹತ್ತಿ ಒಮ್ಮೆ ಗಾಳಿಗೆ ಬಿಟ್ಟರೆ ಮೂಗಿನೊಳಗೆ ಹೋಗುವವರೆಗೆ ಸುಮ್ಮನಾಗುವುದಿಲ್ಲ. ಮದುವೆ ಮನೆಯಲ್ಲಿ ತಲೆಯ ಮೇಲೆ ಎರಚುವ ಮಿಂಚಿನ ಚೂರುಗಳು ಆ ದಂಪತಿಗಳಿಗೆ ಮಗುವಾಗಿ ನಾಮಕರಣಕ್ಕೆ ಕರೆದಾಗಲೂ ನಮ್ಮ ಕಿವಿಯ ಸಂದಿಯಲ್ಲಿ ಸಿಗುತ್ತವೆ. ಆದರೆ ಇವೆಲ್ಲಕ್ಕೂ ಗುರುಸ್ಥಾನದಲ್ಲಿರುವುದು ಥರ್ಮೋಕೋಲ್ ಕಾಳು. ಅಕ್ಕಿಕಾಳಿನಷ್ಟಿರುವ, ಉಫ್ ಎಂದರೆ ಹಾರುವ ಆ ಬಿಳಿಯ ಗುಂಡುಗಳ ಮುಂದೆ ನಾನು ಸೋತದ್ದು, ನಮ್ಮ ಮನೆಯವರು ಸೋತದ್ದು, ಕೊನೆಗೆ ಹಾಗಲವಾಡಿಯ ನಮ್ಮ ಚಿಕ್ಕಮ್ಮನಂಥ ಚಿಕ್ಕಮ್ಮನೇ ಸೋತದ್ದನ್ನು ಹೇಳಬೇಕೆಂದು ಕೂತಿದ್ದೇನೆ.

ನನ್ನ ಸೋಲಿಗೆ ವಿಶೇಷ ಕಳೆ ಬರುವುದು ನನ್ನ ಉದ್ಯೋಗದಿಂದ. ನಾನು ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಮನೆ ತುಮಕೂರಿನಲ್ಲಿ. ಎರಡನೇ ಪಿಯುಸಿಯ ಮೊದಲನೇ ಪಾಠವೇ ವಿದ್ಯುದಾವೇಶಗಳದ್ದು. ಒಂದು ಆವೇಶಕ್ಕೂ ಇನ್ನೊಂದು ಆವೇಶಕ್ಕೂ ನಡುವೆ ಇರುವ ಬಲ ಎಷ್ಟು ಎಂಬ ಸೂತ್ರವನ್ನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬರೆದು, ಸುತ್ತ ಒಂದು ಡಬ್ಬಿ ಎಳೆದು, "ಇದು ಇಂಪಾರ್ಟೆಂಟ್" ಎಂದು ಹೇಳಿ ಸೀಮೆಸುಣ್ಣದ ಕೈ ಕೊಡವುತ್ತೇನೆ. ಆ ಡಬ್ಬಿಯೊಳಗಿನ ಪ್ರಾಣಿ ಎಂದಾದರೂ ಹೊರಗೆ ಬಂದು ನನ್ನನ್ನೇ ಮಾತಾಡಿಸೀತು ಎಂಬ ಕಲ್ಪನೆ ನನಗಿರಲಿಲ್ಲ. ಬಂದದ್ದು ನೇರವಾಗಿ ನಮ್ಮ ಮನೆಯ ಹಾಲಿಗೆ, ಅದೂ ಸ್ವಾಮಿಗಳ ಪಾದಪೂಜೆಯ ದಿನ.

ಪಾದಪೂಜೆ ನಮ್ಮ ಅವ್ವನ ಬಹುಕಾಲದ ಆಸೆ. ಅವ್ವನ ಊರು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಕಟ್ಟೆಯ ನೀರು ಹರಿಯುವ ಕಡೆ. ಅಲ್ಲೊಂದು ಸಣ್ಣ ಮಠವಿದೆ. ಅಪ್ಪ ಅದೇ ಕಟ್ಟೆಯಲ್ಲಿ ತೂಬು ಎತ್ತಿ ಇಳಿಸುವ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ತುಮಕೂರಿಗೆ ಬಂದಳು. ಬಂದಾಗಿನಿಂದ ಆ ಮಠದ ಸ್ವಾಮಿಗಳನ್ನು ಒಮ್ಮೆ ಮನೆಗೆ ಕರೆಸಬೇಕು ಎನ್ನುತ್ತಿದ್ದಳು. ಅವಳ ತಂಗಿಯ ಮನೆಗೆ, ಅಂದರೆ ಹಾಗಲವಾಡಿಯ ಚಿಕ್ಕಮ್ಮನ ಮನೆಗೆ, ಸ್ವಾಮಿಗಳು ಆಗಲೇ ಹಲವು ಸಲ ಬಂದುಹೋಗಿದ್ದರು. ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ತೆಂಗಿನಕಾಯಿಯ ಸಮಾಚಾರ ಮುಗಿಸಿ, "ಅಂಗೇ ಬುದ್ದಿಯೋರು ಬಂದಿದ್ರು ಕಣಕ್ಕಾ, ನಮ್ ಮನೇ ಕಾಯ್ಹೋಳ್ಗೇನ ಎರ್ಡೆರ್ಡ್ ಸಲ ಹಾಕುಸ್ಕಂಡ್ರು" ಎಂದು ಮುಗಿಸುತ್ತಿದ್ದಳು. ಫೋನಿಟ್ಟ ಮೇಲೆ ಅವ್ವ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಅಂತೂ ಸಂಕ್ರಾಂತಿ ಕಳೆದ ಒಂದು ಭಾನುವಾರಕ್ಕೆ ಸ್ವಾಮಿಗಳು ಒಪ್ಪಿದರು. ತುಟಿ ಒಡೆಯುವಂಥ ಒಣ ಚಳಿಯ ಕಾಲ. ಚಿಕ್ಕಮ್ಮ ಹಿಂದಿನ ದಿನವೇ ಹಾಗಲವಾಡಿಯಿಂದ ಬಂದಿಳಿದಳು. ಸಹಾಯ ಮಾಡುವುದಕ್ಕೆ ಬಂದಿದ್ದೇನೆ ಎಂದಳು. ಬಂದವಳು ಸೋಫಾದ ಮೇಲೆ ಕೂತು ಹಾಲನ್ನು ನಾಲ್ಕೂ ಕಡೆ ನೋಡಿ, ಮೂಲೆಯಲ್ಲಿದ್ದ ನನ್ನ ಬೀನ್ ಬ್ಯಾಗಿನ ಮೇಲೆ ಕಣ್ಣು ನಿಲ್ಲಿಸಿ, "ಅದೇನ್ಲಾ ಮಲ್ಲೇಶ, ಎಮ್ಮೆ ಮನಗ್ದಂಗೆ?" ಎಂದಳು.

ಬೀನ್ ಬ್ಯಾಗ್ ಎಂಬ, ಥರ್ಮೋಕೋಲ್ ಕಾಳು ತುಂಬಿದ ಆ ಚೀಲದ ಕುರ್ಚಿ ನನ್ನದು. ಸೊಂಟನೋವಿಗೆ ಒಳ್ಳೆಯದು ಎಂದು ಎಲ್ಲೋ ಓದಿ ತರಿಸಿದ್ದೆ. ಅದರಲ್ಲಿ ಕೂರುವುದು ಬಹಳ ಸುಖ. ಏಳುವುದಕ್ಕೆ ಮಾತ್ರ ಹೆಂಡತಿ ಗಿರಿಜಾ ಒಂದು ಕೈ, ಅವ್ವ ಒಂದು ಕೈ ಹಿಡಿದು ಎಳೆಯಬೇಕು. ಸ್ವಾಮಿಗಳು ಕೂರುವ ಕೋಣೆಯಲ್ಲಿ ಆ ಎಮ್ಮೆ ಇರಕೂಡದು ಎಂದು ಅಕ್ಕತಂಗಿಯರಿಬ್ಬರೂ ಒಮ್ಮತದಿಂದ ತೀರ್ಮಾನಿಸಿದರು. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಪಂಚೆ ಉಟ್ಟು, ಬೀನ್ ಬ್ಯಾಗನ್ನು ಮಲಗುವ ಕೋಣೆಗೆ ಎಳೆಯಲು ಹೊರಟೆ. ಗಿರಿಜಾ ಅಡಿಗೆಮನೆಯಿಂದಲೇ "ರೀ, ಎತ್ಕೊಂಡ್ ಹೋಗಿ, ಎಳೀಬೇಡಿ" ಎಂದಳು. ಹಗುರವಾದ ವಸ್ತುವನ್ನು ಎತ್ತುವುದರಲ್ಲಿ ಏನು ಪುರುಷಾರ್ಥ ಎಂದುಕೊಂಡು ನಾನು ಎಳೆದೆ. ಬಾಗಿಲಿನ ಕೆಳಚಿಲಕಕ್ಕೆ ಅದರ ಹೊಲಿಗೆ ಸಿಕ್ಕಿತು. ನಾನು ಇನ್ನೂ ಜೋರಾಗಿ ಎಳೆದೆ. ಪರ್ ಎಂದು ಸದ್ದಾಯಿತು. ಎಮ್ಮೆ ಉದ್ದಕ್ಕೆ ಬಾಯಿ ಬಿಟ್ಟಿತು. ಒಳಗಿನಿಂದ ಬಿಳಿಯ ಕಾಳುಗಳು ಸದ್ದೇ ಇಲ್ಲದೆ ಸುರಿಯತೊಡಗಿದವು. ಕಟ್ಟೆಯ ತೂಬು ಎತ್ತುತ್ತಿದ್ದವರ ಮಗ ನಾನು, ಆ ಹರಿವನ್ನು ಎರಡು ಕೈಯಲ್ಲಿ ಅದುಮಿ ಹಿಡಿದು ನಿಂತೆ. ಬೆರಳ ಸಂದಿಯಿಂದ ಹರಿದೇ ಹರಿದವು.

ಅಕ್ಕಿ ಚೆಲ್ಲಿದರೆ ಗುಡಿಸಬಹುದು. ಇವನ್ನು ಗುಡಿಸಲು ಹೋದರೆ ಪೊರಕೆಯನ್ನು ಕಂಡು ಅರ್ಧ ಕಾಳು ಓಡಿಹೋದವು, ಇನ್ನರ್ಧ ಬಂದು ಪೊರಕೆಗೇ ಕಚ್ಚಿಕೊಂಡವು. ಮೊರದ ಬದಲಿಗೆ ಗಿರಿಜಾ ತಂದ ಪ್ಲಾಸ್ಟಿಕ್ ಕಸದ ತಟ್ಟೆಗೆ ಅವು ಎಂಥ ಪ್ರೀತಿಯಿಂದ ಅಂಟಿಕೊಂಡವು ಎಂದರೆ, ತಟ್ಟೆಯನ್ನು ಬುಟ್ಟಿಯ ಮೇಲೆ ತಲೆಕೆಳಗು ಮಾಡಿ ಬಡಿದರೂ ಒಂದೂ ಉದುರಲಿಲ್ಲ. ಚಿಕ್ಕಮ್ಮ ಕಾಲು ಮೇಲೆತ್ತಿ ಸೋಫಾದ ಮೇಲೆ ಕೂತು, "ಬುದ್ದಿಯೋರು ಬರೋ ಹೊತ್ತಾಯ್ತು" ಎಂದು ಸಹಾಯ ಮಾಡುತ್ತಿದ್ದಳು. ಅವ್ವ ಮಾತ್ರ ಬಾಗಿಲಲ್ಲಿ ನಿಂತು, ತಾನು ಬೆಳಗಿನ ಜಾವ ಎದ್ದು ರಂಗೋಲಿ ಬಿಟ್ಟಿದ್ದ ಜಾಗದ ಮೇಲೆ ಬಿಳಿ ಕಾಳು ಉರುಳುವುದನ್ನು ನೋಡುತ್ತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗದ್ದಲ ಕೇಳಿ ಪಕ್ಕದ ಮನೆಯ ಲೋಕೇಶಪ್ಪ ಬಂದರು. ಬಿದರೆಹಳ್ಳ ಕಾವಲಿನ ಕಡೆ ಅವರಿಗೆ ತರಕಾರಿ ವ್ಯಾಪಾರ. ಆ ಭಾಗದಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದ ಮೇಲೆ, ಹುರುಳಿಕಾಯಿ ಹೊತ್ತು ಆ ರಸ್ತೆಯಲ್ಲಿ ಓಡಾಡಿದ್ದರಿಂದಲೇ ಅವರಿಗೆ ಗಾಳಿಯ ವಿಷಯದಲ್ಲಿ ಒಂದು ಅಧಿಕಾರ ಬಂದುಬಿಟ್ಟಿತ್ತು. "ಇಷ್ಟೇನಾ ಸಾರ್? ಗಾಳಿ ಯವಾರ ನಂಗ್ ಬುಡಿ" ಎಂದು ಹೋಗಿ, ತಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದರು. ಕೊಳವೆ ಸಿಕ್ಕಿಸಿದರು. ಆ ಯಂತ್ರಕ್ಕೆ ಎರಡು ಬಾಯಿ ಇರುತ್ತದೆ: ಒಂದು ಒಳಗೆಳೆದುಕೊಳ್ಳುವುದು, ಇನ್ನೊಂದು ಹೊರಗೂದುವುದು. ಲೋಕೇಶಪ್ಪ ಸಿಕ್ಕಿಸಿದ್ದು ಎರಡನೆಯದಕ್ಕೆ. ಸ್ವಿಚ್ ಒತ್ತಿದಾಗ ನಮ್ಮ ಹಾಲಿನಲ್ಲಿ ಹೆಲಿಕಾಪ್ಟರೇ ಇಳಿದ ಹಾಗಾಯಿತು. ಕಾಳುಗಳೆಲ್ಲ ಎದ್ದವು. ಫ್ಯಾನಿನ ಮೇಲೆ, ಪರದೆಯ ಮೇಲೆ, ಸ್ವಾಮಿಗಳಿಗೆಂದು ಹಾಸಿದ ಆಸನದ ಮೇಲೆ, ಚಿಕ್ಕಮ್ಮನ ಬಾಯೊಳಗೆ. ರಾಗಿ ಕಣದಲ್ಲಿ ಹೊಟ್ಟು ತೂರಿದಂತೆ ಮನೆಯೆಲ್ಲ ಬೆಳ್ಳಗಾಗಿ, ಯಂತ್ರ ನಿಂತ ಮೇಲೂ ಅವು ನಿಧಾನವಾಗಿ, ಅವಸರವೇ ಇಲ್ಲದೆ, ಬಿಸಿಲಿನ ಕೋಲಿನೊಳಗೆ ತೇಲುತ್ತ ಇಳಿದವು. ನೋಡಲು ಚೆನ್ನಾಗಿತ್ತು ಎಂದು ನನಗನ್ನಿಸಿತು. ಹಾಗನ್ನಿಸಿದ್ದು ತಪ್ಪು ಎಂದೂ ಅನ್ನಿಸಿತು.

ಬಾಯೊಳಗಿನ ಕಾಳನ್ನು ಉಗುಳಿ ನನಗೆ ಮಂಗಳಾರತಿ ಎತ್ತಲು ಹೊರಟ ಚಿಕ್ಕಮ್ಮ, ಹಾಗೇ ಗೋಡೆಯ ಕಡೆ ನೋಡಿ ನಿಂತುಬಿಟ್ಟಳು. ಅವಳ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. "ಅಕ್ಕಾ... ಭಾವುನ್ ನೋಡಕ್ಕಾ" ಎಂದಳು.

ಗೋಡೆಯ ಮೇಲೆ ಅಪ್ಪನ ಫೋಟೋ. ಅಪ್ಪನ ಹಣೆಯ ಮೇಲೆ, ಈ ಕಡೆಯಿಂದ ಆ ಕಡೆಗೆ, ಮೂರು ಬಿಳಿಯ ಗೆರೆ. ಅಚ್ಚುಕಟ್ಟಾಗಿ, ಯಾರೋ ಕೂತು ಜೋಡಿಸಿದಂತೆ, ಥರ್ಮೋಕೋಲ್ ಕಾಳುಗಳು ಒಂದರ ಪಕ್ಕ ಒಂದು ನಿಂತಿದ್ದವು. ಮೀಸೆಯ ಮೇಲೆ ಒಂದು, ಅಂಗಿಯ ಗುಂಡಿಯ ಹತ್ತಿರ ಒಂದು ದಾರಿ ತಪ್ಪಿದ್ದವು, ಅಷ್ಟೇ. ಉಳಿದವೆಲ್ಲ ಹಣೆಯ ಮೇಲೆ, ಮೂರೇ ಗೆರೆಯಲ್ಲಿ.

ಇದರ ಮಹತ್ವ ಗೊತ್ತಾಗಬೇಕಾದರೆ ಅಪ್ಪನ ಹಣೆಯ ಇತಿಹಾಸ ಸ್ವಲ್ಪ ತಿಳಿದಿರಬೇಕು. ಅಪ್ಪ ದೇವರಿಲ್ಲ ಅಂದವರಲ್ಲ. ಲಿಂಗಪೂಜೆ ತಪ್ಪಿಸಿದವರಲ್ಲ. ಆದರೆ ವಿಭೂತಿ ಹಚ್ಚಿದ ಮರುಕ್ಷಣ ಅವರ ಕೈ ಹಣೆಗೆ ಹೋಗುತ್ತಿತ್ತು. "ಕೆರೀತದೆ ಬುಡೇ" ಎನ್ನುತ್ತಿದ್ದರು. ಅವ್ವ ದಿನಾ ಬೆಳಿಗ್ಗೆ ಹಚ್ಚುತ್ತಿದ್ದಳು, ಅವರು ಕಟ್ಟೆಯ ಏರಿ ಹತ್ತುವಷ್ಟರಲ್ಲಿ ಒರೆಸಿಕೊಂಡಿರುತ್ತಿದ್ದರು. ಇದೊಂದು ವಿಷಯಕ್ಕೆ ನಮ್ಮ ಮನೆಯಲ್ಲಿ ನಡೆದಷ್ಟು ಜಗಳ ಜಮೀನಿನ ಗಡಿಗೂ ನಡೆದಿಲ್ಲ. ಅಪ್ಪ ಹೋದ ಮೇಲೆ ಫೋಟೋಗೆ ದಿನವೂ ವಿಭೂತಿ ಹಚ್ಚುವ ಕೆಲಸ ಅವ್ವನದೇ ಆಯಿತು. ಈಗ ಕೈ ಅಡ್ಡ ಬರುವುದಿಲ್ಲವಲ್ಲ.

"ಭಾವ ಬದ್ಕಿದ್ದಾಗ್ ಬರ್ದೇ ಇದ್ ಬುದ್ದಿ ಈಗ್ ಬಂದದೆ ಕಣಕ್ಕಾ! ಬುದ್ದಿಯೋರ್ ಬರೋ ದಿನ ತಾವೇ ಇಬೂತಿ ಧರ್ಸವ್ರೆ!" ಎಂದು ಚಿಕ್ಕಮ್ಮ ಕೈ ಮುಗಿದಳು. ಲೋಕೇಶಪ್ಪ ಕೊಳವೆ ಕೆಳಗಿಟ್ಟು ಚಪ್ಪಲಿ ಬಿಟ್ಟರು. ಬಿಟ್ಟವರೇ ಹೊರಗೆ ಹೋಗಿ ಬೀದಿಯವರನ್ನು ಕರೆದುಕೊಂಡೂ ಬಂದರು. ಸ್ವಲ್ಪ ಹೊತ್ತಿಗೆ ಮನೆ ತುಂಬಿತು. ಕಾಲ ಕೆಳಗಿನ ಕಾಳುಗಳನ್ನು ಈಗ ಯಾರೂ ಕಸ ಎನ್ನಲಿಲ್ಲ. ತುಳಿಯದ ಹಾಗೆ ಬದಿಗೆ ಸರಿದು ನಿಂತರು. ಒಬ್ಬಾಕೆ ಒಂದೆರಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಿರಿಜಾ ಅಡಿಗೆಮನೆಯ ಬಾಗಿಲಿನಿಂದ ನನ್ನ ಕಡೆ ನೋಡಿ, "ರೀ, ನೀವಾದ್ರೂ ಏನಾದ್ರೂ ಹೇಳಿ" ಎಂದು ಕಣ್ಣಲ್ಲೇ ಅಂದಳು.

ನನಗೆ ಆಗಲೇ ಗೊತ್ತಾಗಿತ್ತು. ಫೋಟೋಗೆ ಗಾಜಿಲ್ಲ, ಒಡೆಯದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದೆವು. ಸ್ವಾಮಿಗಳ ಕೈಯಿಂದಲೇ ಹೊಸ ವಿಭೂತಿ ಹಚ್ಚಿಸಬೇಕೆಂದು ಅವ್ವ ಬೆಳಿಗ್ಗೆ ಹಳೆಯದನ್ನು ಒರೆಸಿದ್ದಳು. ಉಟ್ಟದ್ದು ರೇಷ್ಮೆಯ ಹಾಗೆ ಕಾಣುವ ಪಾಲಿಯೆಸ್ಟರ್ ಸೀರೆ. ಸೆರಗನ್ನು ಮೂರು ಬೆರಳಿಗೆ ಸುತ್ತಿ, ಹಚ್ಚಿದ ಗೆರೆಯ ಮೇಲೇ ತಿಕ್ಕಿ ತಿಕ್ಕಿ ತೆಗೆದಿದ್ದಳು. ಒಣಹವೆ. ತಿಕ್ಕಿದ ಕಡೆ ಆವೇಶ ನಿಂತಿದೆ. ಪ್ಲಾಸ್ಟಿಕ್ಕಿನಲ್ಲಿ ಅದು ಹರಿದುಹೋಗುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ತೇಲುತ್ತ ಬಂದ ಕಾಳುಗಳು ಆ ಮೂರು ಗೆರೆಗೆ ಕೂತಿವೆ. ಎರಡು ಅಂಕದ ಪ್ರಶ್ನೆ.

ಆದರೆ ಹೇಳುವುದು ಹೇಗೆ? ಅವ್ವ ಫೋಟೋದ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಚಿಕ್ಕಮ್ಮನ ಭಕ್ತಿ ಇರಲಿಲ್ಲ, ಬೀದಿಯವರ ಗಾಬರಿಯೂ ಇರಲಿಲ್ಲ. ಹಳೆಯ ಜಗಳವೊಂದರಲ್ಲಿ ಎದುರು ಪಾರ್ಟಿ ಇದ್ದಕ್ಕಿದ್ದಂತೆ ಸೋತು ಕೈ ಹಿಡಿದರೆ ಹೇಗೋ, ಹಾಗೆ ನೋಡುತ್ತಿದ್ದಳು. ತಂಗಿಯ ಎದುರು ಜೀವಮಾನದಲ್ಲಿ ಒಮ್ಮೆ ಅವಳ ಮನೆ ದೊಡ್ಡದಾಗಿತ್ತು. ಅದರ ಮೇಲೆ ನಾನು ಪಿಯುಸಿ ಪುಸ್ತಕ ಎತ್ತಿ ಹಾಕಬೇಕೇ? ಸುಮ್ಮನಿದ್ದರೆ ನಾಳೆ ನಮ್ಮ ಮನೆಯ ಮುಂದೆ ಕ್ಯೂ ನಿಲ್ಲುತ್ತದೆ, ಪೇಪರಿನವರು ಬರುತ್ತಾರೆ, "ಭೌತಶಾಸ್ತ್ರ ಉಪನ್ಯಾಸಕರ ಮನೆಯಲ್ಲಿ ಪವಾಡ" ಎಂದು ಹಾಕುತ್ತಾರೆ. ಅದನ್ನು ಗುಬ್ಬಿಯ ನನ್ನ ವಿದ್ಯಾರ್ಥಿಗಳು ಓದುತ್ತಾರೆ. ಯೋಚಿಸುತ್ತಿರುವಾಗಲೇ ಹೊರಗೆ ಕಾರು ನಿಂತ ಸದ್ದಾಯಿತು.

ಸ್ವಾಮಿಗಳು ಬಂದರು. ವಯಸ್ಸಾದವರು, ಮೆತ್ತಗಿನ ಮಾತು. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬರುತ್ತಿದ್ದಂತೆ ಚಿಕ್ಕಮ್ಮ ಎಲ್ಲರಿಗಿಂತ ಮುಂದೆ ಹೋಗಿ ಕಥೆಯನ್ನು ಪೂರ್ತಿ ಒಪ್ಪಿಸಿದಳು. ಅವಳ ಕಥೆಯಲ್ಲಿ ಬೀನ್ ಬ್ಯಾಗೂ ಇರಲಿಲ್ಲ, ವ್ಯಾಕ್ಯೂಮ್ ಕ್ಲೀನರೂ ಇರಲಿಲ್ಲ. ಸ್ವಾಮಿಗಳು ಫೋಟೋದ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ, "ಮೇಷ್ಟ್ರೇ, ನೀವು ಸೈನ್ಸ್ ಹೇಳೋರಲ್ವಾ? ನೀವೇನಂತೀರಿ?" ಎಂದರು.

ನಾನು ಅವ್ವನ ಮುಖ ನೋಡಿದೆ. ಅವ್ವ, "ಏಳ್ಲಾ. ಬುದ್ದಿಯೋರು ಕೇಳ್ತಾವ್ರೆ. ಇದ್ದಿದ್ ಇದ್ದಂಗ್ ಏಳು" ಎಂದಳು.

"ಬುದ್ಧಿ, ಇದು ಆವೇಶ" ಎಂದೆ.

"ನಾನೇಳ್ಲಿಲ್ವಾ!" ಎಂದು ಚಿಕ್ಕಮ್ಮ ಸೆರಗು ಹೊದ್ದು ಅಡ್ಡಬೀಳಲು ಹೊರಟಳು. ಹಿಂದಿನ ಸಾಲಿನಲ್ಲಿ ಯಾರೋ ಗಲ್ಲ ಬಡಿದುಕೊಂಡರು. ನಮ್ಮ ಪಠ್ಯಪುಸ್ತಕಕ್ಕೆ ಪದ ಹುಡುಕಿದವರು ಇನ್ನೊಂದು ಪದ ಹುಡುಕಬಹುದಿತ್ತು ಎಂದು ನನಗೆ ಆಗ ತೀವ್ರವಾಗಿ ಅನ್ನಿಸಿತು. "ಆ ಆವೇಶ ಅಲ್ಲ ಚಿಕ್ಕಮ್ಮ, ಇದು ಕರೆಂಟಿನ ಆವೇಶ" ಎಂದು ತಿದ್ದಿದೆ. ಲೋಕೇಶಪ್ಪ ಗೋಡೆಯಿಂದ ದೂರ ಹಾರಿ, "ಮೇನ್ ಆಫ್ ಮಾಡ್ಲಾ ಸಾರ್?" ಎಂದರು.

ಅಂತೂ ಹೇಳಿದೆ. ಅವ್ವನ ಸೆರಗು, ಪ್ಲಾಸ್ಟಿಕ್ ಹಾಳೆ, ಮೂರು ಬೆರಳು, ಒಣಹವೆ, ನನ್ನ ಎಮ್ಮೆ, ಲೋಕೇಶಪ್ಪನವರ ಗಾಳಿ, ಎಲ್ಲ. ಹೇಳುತ್ತ ಹೋದಂತೆ ಚಿಕ್ಕಮ್ಮನ ಮುಖ ಇಳಿಯುವುದು ಕಾಣುತ್ತಿತ್ತು. ಅವ್ವನ ಮುಖ ನೋಡುವ ಧೈರ್ಯವಾಗಲಿಲ್ಲ. ಸ್ವಾಮಿಗಳು ತಲೆ ಅಲ್ಲಾಡಿಸುತ್ತ ಕೇಳಿ, ನೆಲದಿಂದ ಒಂದು ಕಾಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಸರಿ, ಸೆರಗು ತಿಕ್ಕಿದ್ದು ಫೋಟೋಗೆ. ಆವೇಶ ಬಂದದ್ದೂ ಫೋಟೋಗೆ. ಈ ಬೆಂಡಿನ ಕಾಳಿಗೆ ಯಾರು ಏನು ಕೊಟ್ರು? ಇದರಲ್ಲಿ ಏನೂ ಇಲ್ವಲ್ಲ. ಇದು ಯಾಕೆ ಹೋಗಿ ಅಂಟಿಕೊಳ್ತು?"

ಬೋರ್ಡಿನ ಮೇಲೆ ನಾನು ಡಬ್ಬಿ ಹಾಕುವ ಸೂತ್ರ ಕಣ್ಣ ಮುಂದೆ ಬಂತು. ಈ ಕಡೆಯ ಆವೇಶ, ಆ ಕಡೆಯ ಆವೇಶ, ಎರಡನ್ನೂ ಗುಣಿಸು, ದೂರದ ವರ್ಗದಿಂದ ಭಾಗಿಸು. ಒಂದು ಕಡೆ ಸೊನ್ನೆ ಇದ್ದರೆ ಬಲವೂ ಸೊನ್ನೆ. ಉತ್ತರ ಪತ್ರಿಕೆಯಲ್ಲಿ ಹಾಗೆ ಬರೆದವರಿಗೆ ನಾನೇ ಅಂಕ ಕೊಟ್ಟಿದ್ದೇನೆ. ಇಲ್ಲಿ ನೋಡಿದರೆ ಸೊನ್ನೆಗಳು ಸಾಲಾಗಿ ನಮ್ಮಪ್ಪನ ಹಣೆಯ ಮೇಲೆ ನಿಂತಿವೆ. ಗಾಳಿಯಲ್ಲಿ ಉಜ್ಜಾಡಿ ಕೆಲವು ಕಾಳಿಗೆ ಅಷ್ಟಿಷ್ಟು ಆವೇಶ ಬಂದಿರಬಹುದು, ಆದರೆ ಏನೂ ಇಲ್ಲದ್ದೂ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅದರ ಉತ್ತರವೂ ಪುಸ್ತಕದಲ್ಲಿದೆ, ಮುಂದಿನ ಪಾಠದಲ್ಲಿ, ಧ್ರುವೀಕರಣ ಎಂಬ ಹೆಸರಿನಲ್ಲಿ. ಆದರೆ ಆ ಹೆಸರು ಹೇಳಿದರೆ ಲೋಕೇಶಪ್ಪ ಎಲೆಕ್ಷನ್ ಮಾತು ತೆಗೆಯುತ್ತಾರೆ. ಬೇರೆ ದಾರಿ ಹುಡುಕಬೇಕಾಯಿತು.

"ಬುದ್ಧಿ, ಇದರಲ್ಲಿ ಏನೂ ಇಲ್ಲ ಅಂತಲ್ಲ. ಎರಡೂ ಇದೆ, ಸರಿಸಮನಾಗಿ ಇದೆ. ನೊಗಕ್ಕೆ ಕಟ್ಟಿದ ಜೋಡಿ ಎತ್ತಿನ ಹಾಗೆ. ಕಬ್ಬಿಣ, ತಾಮ್ರದಲ್ಲಾದ್ರೆ ಎತ್ತು ಬಿಚ್ಚಿಕೊಂಡು ಓಡಾಡ್ತವೆ. ಇದರಲ್ಲಿ ಓಡೋ ಹಾಗಿಲ್ಲ, ಕಟ್ಟಿದ ಕಡೇನೇ ಇರಬೇಕು. ಆದ್ರೆ ಕತ್ತು ತಿರುಗಿಸಬಹುದು. ಅಲ್ಲಿ ಫೋಟೋದಲ್ಲಿ ಆವೇಶ ಇದೆಯಲ್ಲ, ಅದರ ಕಡೆಗೆ ಇದರೊಳಗಿನ ಒಂದೊಂದು ಜೋಡೀಲೂ ಒಂದು ಎತ್ತು ಒಂಚೂರು ವಾಲುತ್ತೆ, ಇನ್ನೊಂದು ಒಂಚೂರು ಹಿಂದೆ ಸರಿಯುತ್ತೆ. ಹತ್ತಿರ ಬಂದದ್ದನ್ನ ಫೋಟೋ ಎಳೀತದೆ, ದೂರ ಹೋದದ್ದನ್ನ ತಳ್ಳುತ್ತೆ. ಹತ್ತಿರದ್ದು ಹತ್ತಿರ ಇರೋದ್ರಿಂದ ಎಳೆತ ಒಂದು ಕೂದಲೆಳೆಯಷ್ಟು ಜಾಸ್ತಿ. ಆ ಕೂದಲೆಳೆಯಲ್ಲೇ ಇದು ಹಾರುತ್ತೆ."

ಇಷ್ಟು ವರ್ಷ ಬೋರ್ಡಿಗೆ ಹೇಳಿದ್ದನ್ನು ಮೊದಲ ಬಾರಿಗೆ ಒಂದು ಕಾಳಿನ ಮುಖ ನೋಡಿ ಹೇಳಿದ್ದೆ.

ಇನ್ನು ಸ್ವಾಮಿಗಳು ಇದಕ್ಕೊಂದು ಆಧ್ಯಾತ್ಮಿಕ ಅರ್ಥ ಹೇಳುತ್ತಾರೆ ಎಂದು ಎಲ್ಲರೂ ಕಾದರು. ಲೋಕೇಶಪ್ಪ ಮೊಬೈಲು ತೆಗೆದು ರೆಕಾರ್ಡಿಂಗಿಗೆ ತಯಾರಾದರು. ಸ್ವಾಮಿಗಳು ಅಂಗೈಯ ಕಾಳನ್ನೇ ನೋಡುತ್ತ, "ಇನ್ನೊಂದ್ಸಲ ಮಾಡಿ ತೋರಿಸ್ತೀರಾ?" ಎಂದರು.

ಅವರಿಗೆ ಹೊದಿಸಲೆಂದು ತಂದಿದ್ದ ಶಾಲು ತಟ್ಟೆಯಲ್ಲಿತ್ತು. ಅದರ ಪ್ಲಾಸ್ಟಿಕ್ ಕವರಿನಿಂದ ಸರಕ್ಕನೆ ಹೊರಗೆಳೆದೆ. ಚಟಪಟ ಎಂದಿತು. ಬರಿದಾದ ಕವರನ್ನು ನೆಲದಿಂದ ಮೊಳದೆತ್ತರದಲ್ಲಿ ಹಿಡಿದೆ. ನೆಲದ ಕಾಳುಗಳು ಮೊದಲು ಸುಮ್ಮನಿದ್ದವು. ಕವರನ್ನು ಇನ್ನೂ ಸ್ವಲ್ಪ ತಗ್ಗಿಸಿದೆ. ಒಂದು ಕಾಳು ಇದ್ದಲ್ಲೇ ನಡುಗಿತು. ಯೋಚಿಸುವಂತೆ ಒಂದು ಗಳಿಗೆ ನಿಂತಿತು. ಆಮೇಲೆ ಟಪ್ ಎಂದು ಮೇಲಕ್ಕೆ ಹಾರಿ ಕವರಿಗೆ ಕಚ್ಚಿಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ಎಣಿಸಲಾಗದಷ್ಟು. ನೆಲದಿಂದ ಮೇಲಕ್ಕೆ ಮಳೆ ಸುರಿದ ಹಾಗೆ. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ "ಓ" ಎಂದರು. ಸ್ವಾಮಿಗಳು ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ಅಂದರು. ಆಮೇಲೆ ಪಾದಪೂಜೆಯ ಪೀಠವನ್ನು ಮರೆತು ಚಾಪೆಯ ಮೇಲೆ ಕೂತು, ಕವರನ್ನು ತಾವೇ ಕೈಗೆ ತೆಗೆದುಕೊಂಡು, ಏರಿಸಿ ಇಳಿಸಿ ನೋಡಿದರು. ಅಂಟಿದ ಕಾಳಿನ ಹತ್ತಿರ ಬೆರಳು ಒಯ್ದರೆ ಅದು ಬೆರಳಿಗೇ ಹಾರಿತು. "ನೋಡಮ್ಮಾ, ನನ್ನ ಕೈಗೆ ಬಂತು!" ಎಂದು ಚಿಕ್ಕಮ್ಮನಿಗೆ ತೋರಿಸಿದರು. ಚಿಕ್ಕಮ್ಮ ತಾನು ಮುನಿಸಿಕೊಂಡಿದ್ದನ್ನು ಮರೆತು, "ನಂಗೂ ಒಸಿ ಕೊಡಿ ಬುದ್ದಿ" ಎಂದು ಪಕ್ಕದಲ್ಲೇ ಕೂತಳು.

ನಾನು ನಿಂತು ಅದನ್ನು ನೋಡುತ್ತಿದ್ದೆ. ಇಡೀ ಭೂಮಿ, ದೇವರಾಯನದುರ್ಗದ ಬೆಟ್ಟ, ಮಾರ್ಕೋನಹಳ್ಳಿ ಕಟ್ಟೆ, ಸಮುದ್ರಗಳೆಲ್ಲ ಸೇರಿ ಆ ಕಾಳನ್ನು ಕೆಳಗೆ ಎಳೆಯುತ್ತಿವೆ. ಮೇಲಿನಿಂದ ಒಂದು ಖಾಲಿ ಪ್ಲಾಸ್ಟಿಕ್ ಕವರು ಎಳೆಯುತ್ತಿದೆ. ಗೆಲ್ಲುವುದು ಕವರು. ಗೋಡೆಯ ಮೇಲೂ ಅಷ್ಟೇ, ಭೂಮಿಗೆ ಎದುರಾಗಿ ಅವ್ವನ ಮೂರು ಬೆರಳು ಗೆದ್ದು ನಿಂತಿವೆ. ಪವಾಡ ಅಲ್ಲ ಎಂದು ಸಾಧಿಸಿದವನು ನಾನೇ. ಸಾಧಿಸಿದ ಮೇಲೆ ಆಶ್ಚರ್ಯ ಕಮ್ಮಿಯಾಗಬೇಕಿತ್ತು. ನನ್ನ ಕೈಗಳು ಮಾತ್ರ ಯಾಕೋ ತಾವಾಗಿ ಕೂಡಿಕೊಂಡಿದ್ದವು. ಗಿರಿಜಾ ನೋಡಿ ನಕ್ಕ ಮೇಲೆ ಬಿಡಿಸಿಕೊಂಡೆ.

ಅವ್ವನ ಹತ್ತಿರ ಹೋಗಿ ಮೆಲ್ಲಗೆ, "ಬೇಜಾರಾಯ್ತೇನವ್ವ?" ಎಂದೆ.

"ಯಾತಕ್ಲಾ ಬೇಜಾರು? ಒರುಸ್ದೋಳು ನಾನೇ ಅಂತ ನಂಗೊತ್ತಿಲ್ವಾ?" ಎಂದಳು. ಮತ್ತೆ ಫೋಟೋ ನೋಡಿ, ಯಾರಿಗೂ ಕೇಳದ ಹಾಗೆ ಹೇಳಿದಳು: "ಇರೋಗಂಟ ದಿನಾ ಹಚ್ತಿದ್ದೆ. ಒಂದಿನಾನೂ ನಿಲ್ಲಿಸ್ಕಳ್ಳಿಲ್ಲ ಆ ಮನ್ಸ. ಇವತ್ತು ಒರುಸ್ದೆ. ಒರುಸಿದ್ದು ನಿಂತದೆ ನೋಡು."

ನಾನು ಪಾದಪೂಜೆಯ ಪೀಠದ ಮೇಲಿನ ಕಾಳು ಕೊಡವಲು ಹೊರಟೆ.

ಪಾದಪೂಜೆ ತಡವಾಗಿ, ಆದರೆ ಚೆನ್ನಾಗಿ ನಡೆಯಿತು. ಕೊನೆಯಲ್ಲಿ ಸ್ವಾಮಿಗಳು ವಿಭೂತಿ ಹಿಡಿದು ಫೋಟೋದ ಕಡೆಗೆ ಹೋದಾಗ ಅವ್ವ ಅಡ್ಡ ಬಂದಳು. "ಬ್ಯಾಡಿ ಬುದ್ದಿ, ಇವತ್ತಿಗೆ ಇದೇ ಇರ್ಲಿ" ಎಂದಳು. ಅವರು ನಕ್ಕು, ಆ ವಿಭೂತಿಯನ್ನು ಅವ್ವನ ಹಣೆಗೇ ಹಚ್ಚಿದರು. ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡರು. ಚಿಕ್ಕಮ್ಮ ಅದನ್ನು ಗಮನಿಸಿದಳು. ಊಟದ ಹಬೆ, ಜನರ ಉಸಿರು, ತೊಳೆದ ನೆಲದ ತೇವ ಎಲ್ಲ ಸೇರಿ ಮಧ್ಯಾಹ್ನದ ಹೊತ್ತಿಗೆ ಆವೇಶ ಸೋರತೊಡಗಿತು. ಅಪ್ಪನ ಹಣೆಯ ಕಾಳುಗಳು ಒಂದೊಂದಾಗಿ ಉದುರಿದವು. ಮೀಸೆಯ ಮೇಲಿನದು ಮಾತ್ರ ಸಂಜೆಯವರೆಗೂ ಇತ್ತು.

ನನ್ನಲ್ಲಿ ಬಂದ ಆವೇಶ ಅಷ್ಟು ಬೇಗ ಸೋರಲಿಲ್ಲ. ಮಾರನೆಯ ದಿನ ಗುಬ್ಬಿಯಲ್ಲಿ ಎರಡನೇ ಪಿಯುಸಿಗೆ ಪರೀಕ್ಷೆಯ ರಿವಿಷನ್. ಮೊದಲನೇ ಪಾಠ. ಇವತ್ತು ಸೂತ್ರ ಬರೆಯುವುದಿಲ್ಲ, ತೋರಿಸುತ್ತೇನೆ ಎಂದು ನಿರ್ಧರಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೊಸ ಬಾಚಣಿಗೆ ಕೊಂಡೆ. ಕ್ಲಾಸಿನಲ್ಲಿ ಮೇಜಿನ ಮೇಲೆ ಕಾಗದದ ಚೂರುಗಳನ್ನು ಹರಡಿ, "ಎಲ್ಲರೂ ಹತ್ತಿರ ಬನ್ನಿ. ನೀವು ಜೀವನದಲ್ಲಿ ಮರೆಯದ ಒಂದು ವಿಷಯ ತೋರಿಸ್ತೀನಿ" ಎಂದೆ. ಅವರು ಸುತ್ತ ನಿಂತರು. ನಾನು ಬಾಚಣಿಗೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಗಂಭೀರವಾಗಿ ತಲೆಗೆ ಒಯ್ದೆ.

ಅಲ್ಲಿ ಕೂದಲಿರಲಿಲ್ಲ. ಈ ಪ್ರಯೋಗವನ್ನು ನಾನು ಹಿಂದೆ ಮಾಡಿದಾಗ ಅದಕ್ಕೆ ಬೇಕಾದ ಸಾಮಗ್ರಿ ನನ್ನಲ್ಲೇ ಇತ್ತು. ನಡುವೆ ಅದು ಖಾಲಿಯಾದದ್ದು ಪ್ರತಿದಿನ ಕನ್ನಡಿಯಲ್ಲಿ ಕಾಣುತ್ತಿದ್ದರೂ ಭೌತಶಾಸ್ತ್ರದ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ಕ್ಲಾಸು ಉಸಿರು ಬಿಗಿಹಿಡಿದು, ಆಮೇಲೆ ಬಿಟ್ಟಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕರುಣೆಯಿಂದ, "ಸಾರ್, ನನ್ ತಲೇಲಿ ಬಾಚ್ಕೊಳಿ" ಎಂದು ಜಡೆ ಮುಂದಿಟ್ಟಳು. ತೆಂಗಿನ ಸೀಮೆಯ ಮಕ್ಕಳು. ಎಣ್ಣೆ ತೊಟ್ಟಿಕ್ಕುವ ಜಡೆ. ಬಾಚಣಿಗೆಗೆ ಎಣ್ಣೆ ಹತ್ತಿತೇ ಹೊರತು ಆವೇಶ ಹತ್ತಲಿಲ್ಲ. ಕೊನೆಗೆ ಯಾರದೋ ಪ್ಲಾಸ್ಟಿಕ್ ಸ್ಕೇಲನ್ನು ನನ್ನ ಪ್ಯಾಂಟಿಗೆ ಉಜ್ಜಿ ಉಜ್ಜಿ, ಅರ್ಧ ಪೀರಿಯಡ್ಡು ಕಳೆದ ಮೇಲೆ ಕಾಗದದ ಚೂರುಗಳು ಹಾರಿದವು. ಹುಡುಗರು "ಓ" ಎಂದರು. ಸ್ಕೇಲುಗಳೆಲ್ಲ ಹೊರಬಂದವು, ಕ್ಲಾಸು ತುಂಬ ಚೂರುಗಳ ಹಾರಾಟ. ನಾನು ಗೆದ್ದ ಖುಷಿಯಲ್ಲಿ ಸ್ಟಾಫ್ ರೂಮಿಗೆ ಹೋದೆ, ಪ್ರಿನ್ಸಿಪಾಲರ ಜೊತೆ ಫಲಿತಾಂಶದ ಬಗ್ಗೆ ಗಂಭೀರವಾಗಿ ಮಾತಾಡಿದೆ, ಬಸ್ಸಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಟ್ಟೆ. ಎಲ್ಲರೂ ನನ್ನನ್ನು ಕಂಡು ಯಾಕೋ ಪ್ರಸನ್ನರಾಗಿದ್ದರು. ಮನೆಗೆ ಬಂದಾಗ ಅವ್ವ ಬಾಗಿಲು ತೆಗೆದು, ನನ್ನ ತಲೆ ನೋಡಿ, "ಅದೇನ್ಲಾ ನೆತ್ತಿ ಮ್ಯಾಲೆ?" ಎಂದಳು.

ಮುಟ್ಟಿ ನೋಡಿಕೊಂಡೆ. ಒಂದು ಕಾಗದದ ಚೂರು, ಬೆಳಿಗ್ಗೆಯ ಪ್ರಯೋಗದ್ದು. ಅವ್ವ ಕಣ್ಣರಳಿಸಿ, "ಇದೂ ಆವೇಶಾನೇ ಏನ್ಲಾ?" ಎಂದು ಕೇಳಿದಳು. ಹೌದು ಎನ್ನಬೇಕೆಂದು ಬಹಳ ಆಸೆಯಾಯಿತು. ಆದರೆ ಹಿಂದಿನ ದಿನವಷ್ಟೇ ಸ್ವಾಮಿಗಳ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ನಾನು. ಕೂದಲಿಲ್ಲದ ತಲೆಗೆ ಬಾಚಣಿಗೆ ಎತ್ತಿದ ಗಳಿಗೆಯಿಂದ ನಾನು ಎಷ್ಟು ಬೆವರಿದ್ದೆ ಎಂಬುದು ನನಗೊಬ್ಬನಿಗೇ ಗೊತ್ತು. ಅದು ಅಂಟಿದ್ದು ಬೆವರಿಗೆ.